ಘಾಟಿಯ ತಿರುವಿನಲ್ಲಿ ಸುರೇಶ

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ಕೆಮ್ಮಣ್ಣುಗುಂಡಿ ಘಾಟಿಯ ತಿರುವಿನ ಟೀ ಅಂಗಡಿಯೊಂದರ ಮುಂದೆ, ಮ್ಯಾರಥಾನ್ ಓಡುತ್ತಿದ್ದ ನನ್ನ ತಮ್ಮ ಸುರೇಶ ತಲೆಸುತ್ತಿ ಬಿದ್ದ. ಹಿಂದಿನ ದಿನ ಶನಿವಾರವೆಂದು ಒಪ್ಪತ್ತು ಮಾಡಿ, ರಾತ್ರಿ ಏನೂ ತಿನ್ನದೆ ಓಡಲು ಬಂದಿದ್ದ. ಅವನ ಕಣ್ಣು ಮೇಲಕ್ಕೆ ಹೊರಳಿದ್ದನ್ನು ನೋಡಿದ ನಾನು ಅಂದಿನಿಂದ ನಿದ್ದೆಯಲ್ಲಿ ಬೆಚ್ಚಿ ಏಳುತ್ತಿದ್ದೆ.

ಈ ಸಲ ಅವನು ವಾರವಾರವೂ ಅಜ್ಜಂಪುರದಿಂದ ಬಂದು ಇದೇ ಏರು ಹತ್ತಿ ರೂಢಿ ಮಾಡಿಕೊಂಡ. ಒಪ್ಪತ್ತನ್ನು ಮಾತ್ರ ಬಿಡಲೊಲ್ಲ. ಓಟದ ಹಿಂದಿನ ರಾತ್ರಿ ಅಮ್ಮ ಮುದ್ದೆ ಬಡಿಸಿ, "ಉಣ್ಣೋ ಲೇ. ಈ ಶನಿವಾರದ ಒಪ್ಪತ್ತು ನಿನ್ ಬದ್ಲು ನಾನ್ ಮಾಡ್ತೀನಿ. ದೇವ್ರು ಏನೂ ಅನ್ನಲ್ಲ" ಎಂದಳು. ಎರಡು ಮುದ್ದೆ ಉಂಡ.

ಭಾನುವಾರ ನಾನು ಅದೇ ತಿರುವಿನಲ್ಲಿ ನಿಂತೆ. ಅಂಗಡಿಯಾಕೆ ನನ್ನ ಗುರುತು ಹಿಡಿದು, "ಸೋಡಾ ತೆಗ್ದಿಟ್ಟಿದೀನಿ ಕಣಕ್ಕಾ, ಬಿದ್ರೆ ಮುಖಕ್ಕೆ ಹಾಕಾಣ" ಎಂದಳು. ಬೆವರಿಳಿಸುತ್ತ ಬಂದ ಸುರೇಶ ಅವಳ ಕೈಯ ಬಾಟಲಿ ಕಂಡು ನಕ್ಕ.

"ನಮ್ಮಕ್ಕಂಗೆ ಕೊಡಿ ಅದನ್ನ, ಬೀಳೋ ಹಂಗಿರೋದು ಅವಳೇ."

ನಿಲ್ಲದೆ ತಿರುವು ದಾಟಿದ. ಮಧ್ಯಾಹ್ನದ ಹೊತ್ತಿಗೆ ಓಟ ಮುಗಿಸಿದ. ಘಾಟಿ ಹತ್ತಿದವನಿಗೆ ಸಂಜೆ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. ತರೀಕೆರೆಯ ಲಾಡ್ಜಿನಲ್ಲೇ ಉಳಿದೆವು. ಆ ಭಾನುವಾರ ರಾತ್ರಿ ಅವನು ಕಾಲು ಹಿಡಿದುಕೊಂಡು ನರಳುತ್ತಿದ್ದನಂತೆ. ನಾನು ಬೆಳಗಾಗುವವರೆಗೂ ನಿದ್ದೆ ಮಾಡಿದೆ.