ಗಾಳಿಗೆ ಗೇಜ್ ಹಿಡಿದವಳು

ವಿಮಾನ ಹಾರಿಸುವುದೇನೂ ಮಹಾ ಕಷ್ಟವಲ್ಲ ಕಣ್ರೀ. ಕಷ್ಟವೆಲ್ಲ ಇರುವುದು ಕುರ್ಚಿಯ ಮೇಲೆ ಕೂತು ಓದುವುದರಲ್ಲಿ. ಐವತ್ತನೇ ವಯಸ್ಸಿನಲ್ಲಿ ಹೀಗೆ ಹೇಳುವ ಯೋಗ್ಯತೆ ಪೀಣ್ಯದಲ್ಲಿ ಸದ್ಯಕ್ಕೆ ನನಗೊಬ್ಬಳಿಗೇ ಇದೆ ಎಂದುಕೊಂಡಿದ್ದೇನೆ. ಜಂಬವೇ? ಹೌದು, ಜಂಬವೇ. ವಾರಕ್ಕೆರಡು ಬೆಳಗ್ಗೆ ಎರಡು ಸೀಟಿನ ವಿಮಾನದಲ್ಲಿ ಮೇಲೇರಿ, ಹತ್ತು ಗಂಟೆಗೆ ಬಂದು ಕಾರ್ಖಾನೆಯ ಶಟರ್ ಎತ್ತುವ ಹೆಂಗಸು ಇಷ್ಟಾದರೂ ಜಂಬ ಪಡದಿದ್ದರೆ ಹೇಗೆ?

ನಮ್ಮದು ಸಣ್ಣ ಕಾರ್ಖಾನೆ. ಪಂಪುಗಳಿಗೆ ಬೇಕಾದ ಪಿನ್ನು, ಬುಷ್ಷುಗಳನ್ನು ನಮ್ಮ ಯಜಮಾನರು ಲೇತ್‌ನಲ್ಲಿ ಮಾಡುತ್ತಾರೆ, ನಾನು ಅಳತೆ ನೋಡುತ್ತೇನೆ. ಇಪ್ಪತ್ತೈದು ವರ್ಷದಿಂದ ನಮ್ಮ ದಾಂಪತ್ಯ ನಡೆದಿರುವುದೇ ಹೀಗೆ: ಅವರು ಮಾಡುವುದು, ನಾನು ರಿಜೆಕ್ಟ್ ಮಾಡುವುದು. ಅಳತೆ ನೋಡುವ ಗೇಜ್ ಹೋಗಬೇಕಾದ ಕಡೆ ಹೋಗಬೇಕು, ಹೋಗಬಾರದ ಕಡೆ ಹೋಗಬಾರದು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಆ ಪಿನ್ನು ಪಕ್ಕಕ್ಕೆ. ಗಿರಾಕಿಗಳು ನನ್ನ ಸಹಿ ನೋಡಿದರೆ ಮಾಲನ್ನು ಮತ್ತೆ ಅಳೆಯುವುದಿಲ್ಲ. ಇದನ್ನೂ ಜಂಬದಿಂದಲೇ ಹೇಳುತ್ತಿದ್ದೇನೆ.

ನನಗೆ ಹಾರುವುದನ್ನು ಕಲಿಸುವ ಹುಡುಗಿಗೆ ಇಪ್ಪತ್ತಾರು ವರ್ಷ. ನಾನು ಅವಳನ್ನು ಮೇಡಂ ಅನ್ನುತ್ತೇನೆ, ಅವಳು ನನ್ನನ್ನು ಮೇಡಂ ಅನ್ನುತ್ತಾಳೆ; ಒಂದು ಪುಟ್ಟ ವಿಮಾನದಲ್ಲಿ ಇಬ್ಬರು ಮೇಡಂಗಳು. ಲಿಖಿತ ಪರೀಕ್ಷೆ ಪಾಸಾಗದೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲದೆ ಮನೆಯವರನ್ನು ಕರೆದುಕೊಂಡು ಹಾರುವಂತಿಲ್ಲ ಎಂದು ಅವಳೇ ಹೇಳಿದ್ದು. ನನಗೋ ಇದ್ದದ್ದು ಅದೊಂದೇ ಆಸೆ. ಹಗಲಿಡೀ ಲೇತ್ ಮುಂದೆ ತಲೆ ಬಗ್ಗಿಸಿ ನಿಲ್ಲುವ ಮನುಷ್ಯ ಒಂದು ಸಲವಾದರೂ ನನ್ನ ಪಕ್ಕದಲ್ಲಿ ಕೂತು, ಮೇಲಿಂದ ತನ್ನ ಊರು ನೋಡಬೇಡವೇ? ಅದಕ್ಕೇ ಪುಸ್ತಕ ಹಿಡಿದೆ.

ಓದಿದ್ದರಲ್ಲಿ ಮುಕ್ಕಾಲು ಪಾಲು ಗಾಳಿಯೇ. ‘ಗಾಳಿ ಬಂದಾಗ ತೂರಿಕೋ’ ಎಂದು ನಮ್ಮ ಹಿರಿಯರು ಈ ಶಾಸ್ತ್ರವನ್ನೆಲ್ಲ ಮೂರು ಪದಕ್ಕೆ ಮುಗಿಸಿದ್ದರು. ಆನೇಕಲ್ಲಿನ ನಮ್ಮಜ್ಜಿ ಕಣದಲ್ಲಿ ನಿಂತು ಮೊರ ಎತ್ತಿದರೆ ರಾಗಿ ಇಲ್ಲಿ, ಹೊಟ್ಟು ಅಲ್ಲಿ. ಗಾಳಿ ಯಾವ ದಿಕ್ಕಿನದು, ವೇಗ ಎಷ್ಟು ಎಂದು ಅವಳನ್ನು ಯಾರೂ ಕೇಳಲಿಲ್ಲ. ಪರೀಕ್ಷೆಯಲ್ಲಿ ನನ್ನನ್ನು ಕೇಳಿದರು. ಗಾಳಿ ಪಕ್ಕದಿಂದ ತಳ್ಳುತ್ತಿರುವಾಗ ವಿಮಾನದ ಮೂತಿಯನ್ನು ಎಷ್ಟು ಡಿಗ್ರಿಗೆ ಇಟ್ಟರೆ ಸರಿಯಾಗಿ ಊರು ತಲುಪುತ್ತೀರಿ? ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ.

ಲೆಕ್ಕ ಹಾಕಿದೆ. ಎಂಬತ್ತೇಳು ಪಾಯಿಂಟ್ ನಾಲ್ಕು ಬಂತು. ಉತ್ತರಗಳಲ್ಲಿ ಎಂಬತ್ತೇಳಿತ್ತು, ತೊಂಬತ್ತಿತ್ತು. ಪಾಯಿಂಟ್ ನಾಲ್ಕು ಎಲ್ಲೂ ಇಲ್ಲ. ಮತ್ತೆ ಲೆಕ್ಕ ಹಾಕಿದೆ, ಮತ್ತೆ ಅದೇ. ಅಳತೆಗೆ ಕೂರದ್ದಕ್ಕೆ ಟಿಕ್ ಹಾಕಿ ಅಭ್ಯಾಸವಿಲ್ಲದ ಕೈ ನನ್ನದು; ಖಾಲಿ ಬಿಟ್ಟು ಮುಂದೆ ಹೋದೆ. ಹೀಗೆ ಹನ್ನೊಂದು ಪ್ರಶ್ನೆ ಖಾಲಿ ಬಿಟ್ಟು ತಲೆ ಎತ್ತಿಕೊಂಡು ಹೊರಗೆ ಬಂದೆ. ನೂರಕ್ಕೆ ಎಪ್ಪತ್ತು ಬೇಕಿತ್ತು, ಅರವತ್ತಾರು ಬಂತು. ಅಯ್ಯೋ, ಎಷ್ಟು ಅವಮಾನವಾಯಿತೆಂದರೆ, ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ.

“ಏನೇ, ಎಕ್ಸಾಮನ್ನೇ ರಿಜೆಕ್ಟ್ ಮಾಡ್ಬಂದ್ಯಾ?” ಎಂದರು ಯಜಮಾನರು. ನಾನು ಅತ್ತಿದ್ದು ನೋಡಿ ಒಳಗೆ ಹೋಗಿ ಕಾಫಿ ಮಾಡಿ ತಂದರು.

ಕಲಿಸುವ ಹುಡುಗಿ ಮಾತ್ರ ಪಾಯಿಂಟ್ ನಾಲ್ಕಿನ ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು. “ಮೇಡಂ, ಮೇಲೆ ಗಾಳಿ ಈಗ ಇದ್ದಂಗೆ ಇನ್ನೊಂದ್ ನಿಮಿಷಕ್ಕೆ ಇರಲ್ಲ. ಲೆಕ್ಕಕ್ಕೆ ಹತ್ರದ್ದು ಹಿಡ್ಕೊಂಡು ಹೊರಡಿ, ನೆಲ ನೋಡ್ತಾ ನೋಡ್ತಾ ಸರಿ ಮಾಡ್ಕೊಳಿ. ನೀವು ಯಾವಾಗ್ಲೂ ಹಾರಿಸೋದು ಹಂಗೇ ಅಲ್ವಾ?”

ಹೌದಲ್ಲ! ಕೈಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರಲಿಲ್ಲ.

ಆಮೇಲೆ ಮೂರು ತಿಂಗಳು, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಯಜಮಾನರು ಪ್ರಶ್ನೆ ಓದುವುದು, ನಾನು ಉತ್ತರ ಹೇಳುವುದು. ಮೋಡಗಳ ಇಂಗ್ಲಿಷ್ ಹೆಸರುಗಳನ್ನು ಅವರು ಓದುವ ಚೆಂದಕ್ಕೆ ಮೋಡಗಳೇ ಚದುರಿಹೋಗಬೇಕು. ನಾನು ಎಲ್ಲಾದರೂ ಪಾಯಿಂಟ್ ಅಂದರೆ ಸಾಕು, “ಹತ್ರದ್ದು ಹೇಳೇ, ಹತ್ರದ್ದು!” ಎಂದು ಮೇಜು ಕುಟ್ಟುವರು. ಇಪ್ಪತ್ತೈದು ವರ್ಷದ ಸೇಡು ಅದು; ತೀರಿಸಿಕೊಳ್ಳಲಿ ಎಂದು ಬಿಟ್ಟೆ.

ಎರಡನೇ ಸಲದ ಫಲಿತಾಂಶ ಮೊಬೈಲಿಗೆ ಬಂದಾಗ ಲೇತ್ ಸದ್ದನ್ನೂ ಮೀರಿಸಿ ಕೂಗಿದೆ. ಎಪ್ಪತ್ತೆಂಟು! ಇನ್ನು ಹಾರಾಟದ ಪರೀಕ್ಷೆಯೊಂದು ಬಾಕಿ, ಅದರ ಚಿಂತೆ ನನಗಿಲ್ಲ. ಯಜಮಾನರು ಲೇತ್ ನಿಲ್ಲಿಸಿದರು, ಕೈ ಒರೆಸಿಕೊಂಡರು, ಕನ್ನಡಕ ಹಾಕಿಕೊಂಡು ಮೊಬೈಲನ್ನು ದಿಟ್ಟಿಸಿದರು.

“ಅಂದ್ರೆ ಇಪ್ಪತ್ತೆರಡು ತಪ್ಪು.”

“ಹೂಂ ರೀ.”

“ಇಷ್ಟು ತಪ್ಪು ಮಾಡೋ ಪೈಲಟ್ ಪಕ್ಕ ನಾನು ಕೂರ್ಬೇಕು.”

“ಕೂರ್ತೀರಾ?”

“ಯಾವತ್ತು ಅಂತ ಮೊದ್ಲೇ ಹೇಳ್ಬಿಡು. ಶರ್ಟ್ ಇಸ್ತ್ರಿಗೆ ಕೊಡ್ಬೇಕು.”

ಅವರ ಕೆಲಸದಲ್ಲಿ ಇಷ್ಟು ವರ್ಷ ನಾನು ತಪ್ಪು ಹುಡುಕಿದ್ದು ಬೇಡವೆಂದು ಪಕ್ಕಕ್ಕಿಡಲು. ನನ್ನ ಇಪ್ಪತ್ತೆರಡನ್ನೂ ಎಣಿಸಿದ ಮೇಲೆ ಆ ಮನುಷ್ಯ ಹೇಳಿದ್ದು, ಜೊತೆಗೆ ಬರುತ್ತೇನೆ ಎಂದು.