ಎಂಟು ಬಟನ್‌ಗಳಲ್ಲಿ ಇಲ್ಲದ ಮಾತು

ಹೋದ ರವಿವಾರ ನನ್ನ ತಂಗಿಯ ಮಗಳು ಅಪರ್ಣಾ ಹನ್ನೆರಡು ಸಲ ‘ನಮಸ್ಕಾರ್ರಿ, ಬರ್ರಿ’ ಎಂದಳು. ನಾವು ಚಪ್ಪಾಳೆ ತಟ್ಟಿದೆವು.

ತಟ್ಟಿದವರಲ್ಲಿ ನಾನೇ ಮೊದಲಿಗ.

ಅಪರ್ಣಾಗೆ ಒಂಬತ್ತು ವರ್ಷ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಮಾತು ಬರಲಿಲ್ಲ, ಕೈಕಾಲಿನಲ್ಲೂ ಹಿಡಿತ ಕಡಿಮೆ. ಕಿವಿ ಮಾತ್ರ ಭಾರೀ ಚುರುಕು. (ಪುಣೆ ಹತ್ತಿರದ ದೇಹೂ ರೋಡಿನ ಅವರ ಓಣಿಯ ತಿರುವಿನಲ್ಲಿ ನನ್ನ ಸ್ಕೂಟರ್ ಸದ್ದಾದರೆ ಸಾಕು, ಕತ್ತು ಬಾಗಿಲ ಕಡೆ ತಿರುಗುತ್ತಿತ್ತು.)

ಮೂರು ತಿಂಗಳ ಹಿಂದೆ ತಂಗಿ ಸುಧಾಳ ಮುಂದೆ ಎರಡು ದಾರಿ ಇದ್ದವು. ಒಂದು, ಅಪರ್ಣಾಳ ಶಾಲೆಯ ಮರಾಠಿ ಟೀಚರ್ ಬಾಯಿ (ಇಲ್ಲಿ ಟೀಚರಮ್ಮನನ್ನು ಹಾಗೇ ಕರೆಯುವುದು) ತಾವೇ ಅಂಟಿಸಿ ಕೊಟ್ಟ ಚಿತ್ರಗಳ ಫೈಲು. ಬೇಕಾದ ಚಿತ್ರದ ಮೇಲೆ ಬೆರಳಿಟ್ಟರೆ ಮಾತಾಡಿದ ಹಾಗೆ. ಇನ್ನೊಂದು, ಫಾರಿನ್‌ನಿಂದ ತರಿಸಬೇಕಾದ ಮಷೀನು. ಅದಕ್ಕೆ ಎಂಟು ಬಟನ್. ಒಂದೊಂದರಲ್ಲಿ ಒಂದೊಂದು ವಾಕ್ಯ ರೆಕಾರ್ಡ್ ಮಾಡಿಟ್ಟರೆ, ಒತ್ತಿದಾಗ ಅದು ನುಡಿಯುತ್ತದೆ.

“ಮಂದಿ ಮುಂದ ಫೈಲ್ ಹಿಡ್ಕೊಂಡು ಕೂಡೂದೇನು ಅಣ್ಣಾ? ನನಗ ದನಿ ಕೇಳ್ಬೇಕು,” ಎಂದಳು ಸುಧಾ. ಮಷೀನೇ ಇರಲಿ ಎಂದು ತೀರ್ಪು ಕೊಟ್ಟವನು ನಾನು. ಫೈಲು ಕಪಾಟಿನ ಮೇಲೆ ಹೋಯಿತು.

“ವಾಕ್ಯ ನೀನ ಬರದ್ ಕೊಡು. ಪೇಪರಿನ್ಯಾಗ ಬರಿಯಾಂವ ನೀನು.”

ಉಬ್ಬಿಹೋದೆ ನೋಡಿ! ಅರ್ಧ ಗಂಟೆಯಲ್ಲಿ ಎಂಟೂ ಬರೆದುಕೊಟ್ಟೆ. ನಮಸ್ಕಾರ್ರಿ ಬರ್ರಿ, ನನ್ನ ಹೆಸರು ಅಪರ್ಣಾ, ಅಮ್ಮಾ, ನೀರು ಬೇಕು, ಹಸಿವಾಗೇದ, ಬಾತ್‌ರೂಮಿಗೆ ಹೋಗ್ಬೇಕು, ಟಿವಿ ಹಚ್ಚು, ಥ್ಯಾಂಕ್ಯೂ. ದನಿ ನನ್ನ ಮಗಳದು. ಅಪರ್ಣಾ ಮೊದಲ ಸಲ ‘ಅಮ್ಮಾ’ ಒತ್ತಿದಾಗ ಸುಧಾ ಅಡುಗೆಮನೆಗೆ ಹೋಗಿ ಬಿಕ್ಕಿಬಿಕ್ಕಿ ಅತ್ತಳು.

ಟೀಚರ್ ಬಾಯಿ ಮಾತ್ರ ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. “ಆಧೀ ‘ನಕೋ’ ಆಣಿ ‘ದುಖತಂಯ’ ದ್ಯಾ ತಿಲಾ.” ಮೊದಲು ಅವಳಿಗೆ ‘ಬೇಡ’ ಮತ್ತು ‘ನೋಯುತ್ತಿದೆ’ ಕೊಡಿ ಎಂದು.

ನನಗೆ ಸಿಟ್ಟು ನೆತ್ತಿಗೇರಿತು. ಒಂಬತ್ತು ವರ್ಷಕ್ಕೆ ಕೂಸು ಮೊದಲ ಸಲ ಮಾತಾಡುತ್ತಿದೆ, ‘ಬ್ಯಾಡ, ನೋವು’ ಎಂದು ಅಪಶಕುನ ನುಡಿಸಬೇಕೆ? ಶುಭ ನುಡಿಯಲಿ ಬಿಡಿ ಎಂದು ಮರಾಠಿಯಲ್ಲೇ ಝಾಡಿಸಿದೆ. ಬಾಯಿ ಪಟ್ಟಿಯನ್ನು ನನ್ನ ಕೈಗಿಟ್ಟು ಹೊರಟರು.

ರವಿವಾರ ಇಂದಾಪುರದಿಂದ ಸುಧಾಳ ಗಂಡನ ಕಡೆಯ ನೆಂಟರು ಬಂದಿದ್ದರು. ನಾನೂ ಹೋಗಿದ್ದೆ. ‘ನಮಸ್ಕಾರ್ರಿ, ಬರ್ರಿ’ ಎಂದಿತು ಮಷೀನು. ಎಲ್ಲರಿಗೂ ಖುಷಿ. ಅಪರ್ಣಾ ಮತ್ತೆ ಒತ್ತಿದಳು. ಮತ್ತೆ ಒತ್ತಿದಳು. ಊಟಕ್ಕೆ ಕೂತ ಮೇಲೂ ನಿಲ್ಲಿಸಲಿಲ್ಲ. ತುತ್ತು ಹಿಡಿದರೆ ಮುಖ ಆಚೆ. ಕಣ್ಣಲ್ಲಿ ನೀರು.

“ಖುಷೀಲೆ ಕಣ್ಣಾಗ ನೀರು ಬಂದಾವ ನೋಡ್ರಿ,” ಎಂದರು ನೆಂಟರಲ್ಲೊಬ್ಬರು. ನಾನು ಹೌದ್ರಿ ಎಂದೆ.

ಹನ್ನೆರಡನೆಯ ಸಲಕ್ಕೆ ಸುಧಾ, “ಸಾಕವ್ವಾ, ಸೆಲ್ ಖಾಲಿ ಆಗ್ತಾವ,” ಎಂದು ಸ್ವಿಚ್ ಆರಿಸಿ ಮಷೀನನ್ನು ಕಪಾಟಿನಲ್ಲಿಟ್ಟಳು.

ಸೋಮವಾರ ಬೆಳಿಗ್ಗೆ ದಿಂಬಿನ ಮೇಲೆ ಕೀವು, ರಕ್ತ. ಎಡಗಿವಿಯ ಪರದೆ ಹರಿದಿತ್ತು. ಇಷ್ಟು ನೋವಿದ್ದರೂ ಮಗು ತೋರಿಸಿಕೊಳ್ಳಲಿಲ್ಲವೇ ಎಂದು ಡಾಕ್ಟರು ಕೇಳಿದರು. ತೋರಿಸಿಕೊಂಡಿದ್ದಳು. ಹನ್ನೆರಡು ಸಲ. ಆ ಕಿವಿ ಇನ್ನು ಎಷ್ಟು ಕೇಳಿಸುತ್ತದೋ ಈಗಲೇ ಹೇಳಲಾಗದಂತೆ.

ಆಸ್ಪತ್ರೆಯಿಂದ ಸುಧಾಳ ಮನೆಗೆ ಬಂದು ಕಪಾಟಿನ ಮೇಲಿನ ಫೈಲು ಇಳಿಸಿ ಧೂಳು ಒರೆಸಿದೆ. ಮೊದಲ ಹಾಳೆಯಲ್ಲೇ ಅಳುವ ಮುಖದ ಚಿತ್ರ. ತೆರೆದದ್ದೇ ತಡ, ಅಪರ್ಣಾ ಅದರ ಮೇಲೆ ಬೆರಳಿಟ್ಟಳು. ಎಷ್ಟೋ ಹೊತ್ತು ತೆಗೆಯಲಿಲ್ಲ.

ಸುಧಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ‘ನಮಸ್ಕಾರ್ರಿ’ ಅಳಿಸಿ ಆ ಜಾಗದಲ್ಲಿ ‘ನೋಯ್ತದ’ ತುಂಬಿದೆವು. ಅಷ್ಟು ಚಿಕ್ಕ ಮಾತನ್ನು ನನ್ನ ಮಗಳು ನಾಲ್ಕು ಸಲ ರೆಕಾರ್ಡ್ ಮಾಡಬೇಕಾಯಿತು.

ನಿನ್ನೆ ಮತ್ತೆ ಹೋಗಿದ್ದೆ. ಸ್ಕೂಟರ್ ಸದ್ದು ಅಪರ್ಣಾಗೆ ಕೇಳಿತಂತೆ. ಕತ್ತು ತಿರುಗಿಸಿದಳಂತೆ, ಬಾಗಿಲ ಕಡೆಗಲ್ಲ, ಗೋಡೆಯ ಕಡೆಗೆ. ಒಂದೇ ಕಿವಿಗೆ ಸದ್ದಿನ ದಿಕ್ಕು ಸಿಗುವುದಿಲ್ಲ.

ಹೇಳಿ, ಶುಭ ನುಡಿ ಬೇಕಾಗಿದ್ದದ್ದು ಅವಳಿಗೋ, ನಮಗೋ?