ಅರ್ಧ ಮಾತ್ರೆ

ನಮ್ಮ ನಾಯಿ ಎರಡು ಬಗೆಯಲ್ಲಿ ಬೊಗಳುತ್ತಿತ್ತು. ಅಂಚೆಯವನಿಗೆ, ಮೀನಿನ ಗಾಡಿಗೆ, ದಾರಿಹೋಕರಿಗೆಲ್ಲ ಒಂದು ಬಗೆ. ಇನ್ನೊಂದು ಮಾವನಿಗೆ ಮಾತ್ರ. ಮಾವ ಎಂದರೆ ನನ್ನ ಗಂಡನ ತಂದೆ. ಮೂವತ್ತು ವರ್ಷ ಮುಂಬೈಯಲ್ಲಿ ಹೋಟೆಲು ನಡೆಸಿ ಬಸ್ರೂರಿಗೆ ಬಂದು ಕೂತವರು. ಕೊನೆಯ ಎರಡು ವರ್ಷ ಮರೆವು ಹಿಡಿದಿತ್ತು. ಕೂತಲ್ಲಿಂದ ಎದ್ದು, "ಗಲ್ಲಾದಗೆ ಯಾರೂ ಇಲ್ಲ, ನಾ ಹೋಯ್ ಬತ್ತೆ" ಎಂದು ಹೊರಟುಬಿಡುತ್ತಿದ್ದರು. ಅವರ ಕಾಲು ಗೇಟು ದಾಟಿದ್ದೇ ತಡ, ನಾಯಿ ಅವರ ಸುತ್ತ ಓಡುತ್ತ ಉಸಿರು ಬಿಡದೆ ಕೂಗುತ್ತಿತ್ತು. ನಾವು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆವು. ಅದಕ್ಕೆ ಇದನ್ನು ಯಾರೂ ಕಲಿಸಿದ್ದಲ್ಲ.

ಅಂಥ ನಾಯಿಗೆ ಗರ್ನಾಲು ಸಿಡಿಮದ್ದಿನ ಸದ್ದು ಕೇಳಿದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಹಿಂದಿನ ವರ್ಷ ಯಾರದೋ ಮದುವೆಗೆ ನಾಲ್ಕು ಗರ್ನಾಲು ಹೊಡೆದಾಗ ಬೇಲಿ ಹಾರಿ ಓಡಿದ್ದು, ಸಂಜೆ ಕುಂದಾಪುರ ರಸ್ತೆಯ ಮೋರಿಯೊಳಗೆ ಸಿಕ್ಕಿತು. ಕಾಲಿನ ಉಗುರು ಕಿತ್ತುಹೋಗಿತ್ತು. ಹಳೆ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ಬಂದೆ. ನಾನು ಅದರ ಕಿವಿಯಿಂದ ಉಣ್ಣಿ ಹೆಕ್ಕುವುದನ್ನೂ, ಚುಚ್ಚುಮದ್ದಿನ ದಿನಕ್ಕೆ ಕ್ಯಾಲೆಂಡರಿನಲ್ಲಿ ಗೆರೆ ಹಾಕುವುದನ್ನೂ ಕಂಡು ಅತ್ತೆ, "ಹೆಣೆ, ನಿನ್ ಮಕ್ಕಳಿಗೂ ಇಷ್ಟ್ ಮಾಡ್ಲಿಲ್ಲ ನೀನ್" ಎಂದು ಹಂಗಿಸುತ್ತಿದ್ದರು. ಹಂಗಿಸಿದರೂ ಮೀನಿನ ತಲೆಯನ್ನು ಅದಕ್ಕೇ ಎತ್ತಿಡುತ್ತಿದ್ದವರು ಅವರೇ.

ಪಕ್ಕದ ಮನೆಯವರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಒಕ್ಕಲು ಇಟ್ಟುಕೊಂಡರು. ಮಧ್ಯಾಹ್ನ ಊಟದ ಹೊತ್ತಿಗೆ ಗರ್ನಾಲು ಹೊಡೆಯುತ್ತಾರೆಂದು ಮೊದಲೇ ಗೊತ್ತಿತ್ತು. ಹಾಗಾಗಿ ಬೆಳಿಗ್ಗೆ ನಾನೊಂದು ಉಪಾಯ ಮಾಡಿದೆ. ಮಾವನಿಗೆ ರಾತ್ರಿ ನಿದ್ದೆ ಬರಲೆಂದು ಡಾಕ್ಟರು ಕೊಟ್ಟ ಮಾತ್ರೆ ಇತ್ತು. ಅದರಲ್ಲಿ ಅರ್ಧ ಮುರಿದು ಬಂಗುಡೆಯ ತುಂಡಿನೊಳಗೆ ಒತ್ತಿ ನಾಯಿಗೆ ಕೊಟ್ಟೆ. ಯಾರನ್ನೂ ಕೇಳಲಿಲ್ಲ. ಮನುಷ್ಯರಿಗೆ ಆಗುವುದು ನಾಯಿಗೆ ಯಾಕಾಗಬಾರದು ಎಂಬ ಜಂಬ ನನ್ನದು.

ಮಾತ್ರೆ ಚೆನ್ನಾಗಿಯೇ ಹತ್ತಿತು. ಗರ್ನಾಲಿಗೆ ಕಿಟಕಿಯ ಗಾಜು ಅದುರಿತು, ನಾಯಿ ಕಿವಿಯನ್ನೂ ಎತ್ತಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಎಂದರೆ, ಹೇಳಲು ಈಗ ನಾಚಿಕೆ. ಗಂಡ ಅಂಗಡಿಗೆ ಹೋಗಿದ್ದರು, ಅತ್ತೆ ಪಕ್ಕದ ಮನೆಯ ಊಟಕ್ಕೆ. ಮಾವ ಉಂಡು ಚಾವಡಿಯಲ್ಲಿ ಒರಗಿದ್ದರು. ಹತ್ತು ನಿಮಿಷ ಬೆನ್ನು ನೆಲಕ್ಕೆ ಹಾಕೋಣ ಎಂದು ನಾನೂ ಒಳಗೆ ಹೋಗಿ ಮಲಗಿದೆ. ಮಾವ ಎದ್ದು ಹೋದರೆ ನಾಯಿ ಕೂಗುತ್ತದಲ್ಲ ಎಂದುಕೊಂಡೆ. ನಿಜವಾಗಿ ಹಾಗೆಯೇ ಅಂದುಕೊಂಡೆ. ಬೆಳಿಗ್ಗೆ ನನ್ನ ಕೈಯಾರೆ ಅದನ್ನು ಮಲಗಿಸಿದ್ದು ಆ ಹೊತ್ತಿಗೆ ತಲೆಗೇ ಬರಲಿಲ್ಲ.

ಎಚ್ಚರವಾದಾಗ ಚಾವಡಿ ಖಾಲಿ, ಗೇಟು ತೆರೆದಿತ್ತು. ನಾಯಿ ಗೇಟಿನ ಪಕ್ಕದಲ್ಲೇ ಕಾಲು ಚಾಚಿ ಮಲಗಿತ್ತು. ಮಾವ ಅದನ್ನು ದಾಟಿಕೊಂಡೇ ಹೋಗಿರಬೇಕು. ಹೊಳೆಯ ಬದಿಗೆ, ಹಿಂದೆ ದೋಣಿ ನಿಲ್ಲುತ್ತಿದ್ದ ಕಡವಿನಲ್ಲಿ ಅವರ ಚಪ್ಪಲಿ ಸಿಕ್ಕಿತು. ಅವರು ಮೊದಲ ಸಲ ಮುಂಬೈಗೆ ಹೊರಟದ್ದು ಅಲ್ಲಿಂದಲೇ ಅಂತೆ. ದೇಹ ಮರುದಿನ ಸಿಕ್ಕಿತು.

ಹದಿಮೂರನೆಯ ದಿನ ಕಳೆಯುವಷ್ಟರಲ್ಲಿ ಮನೆಯವರೆಲ್ಲ ಸೇರಿ ತಪ್ಪು ಯಾರದೆಂದು ತೀರ್ಮಾನಿಸಿಯಾಗಿತ್ತು. "ಹನ್ನೆರಡ್ ತಿಂಗ್ಳೂ ಅನ್ನ ಹಾಕಿದ್ದ್. ಆ ಒಂದ್ ದಿನ ಬೊಗ್ಳೂಕ್ ಆಯ್ಲಿಲ್ಲ ಅದ್ಕೆ" ಎಂದರು ಅತ್ತೆ. ಬಂದವರೆಲ್ಲ ನಾಯಿಯ ಕಡೆ ನೋಡಿ ತಲೆಯಾಡಿಸಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳದೆ ಹೇಗೆ ಹೇಳುವುದು ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಸೊಸೆಯಾದವಳು ಬಾಯಿ ಬಿಟ್ಟರೆ ಮನೆ ಒಡೆಯುತ್ತದೆ ಎಂದೂ ಹೇಳಿಕೊಂಡೆ. ಎಲ್ಲ ಬರೀ ನೆಪ. ಹೆದರಿಕೆ, ಅಷ್ಟೆ.

ಅತ್ತೆ ನಾಯಿಗೆ ಅನ್ನ ಹಾಕುವುದನ್ನು ಬಿಟ್ಟರು. ನಾಯಿ ಮೊದಲಿನಂತೆಯೇ ಅವರ ಹಿಂದೆ ಬಾಲ ಆಡಿಸುತ್ತ ಹೋಗುತ್ತದೆ, ಅವರು ಸೆರಗು ಎಳೆದುಕೊಳ್ಳುತ್ತಾರೆ. ಅದನ್ನು ನೋಡುವುದು ನನಗೆ ಶಿಕ್ಷೆ. ಪಾತ್ರೆ ತಿಕ್ಕುವಾಗಲೋ ತೆಂಗಿನಕಾಯಿ ತುರಿಯುವಾಗಲೋ, ಮಾವನಿಗೆಂದೇ ಇದ್ದ ಆ ಕೂಗು ಕೇಳಿದಂತಾಗಿ ಗೇಟಿಗೆ ಓಡುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ. ನಾಯಿ ನೆರಳಲ್ಲಿ ಮಲಗಿ, ನಾನು ಏದುಸಿರು ಬಿಡುವುದನ್ನು ನೋಡುತ್ತಿರುತ್ತದೆ.

ಹುಳದ ಮಾತ್ರೆಯನ್ನೂ ಈಗ ನನ್ನ ಕೈಯಿಂದ ಕೊಡಲಾಗುವುದಿಲ್ಲ. ಗಂಡನೇ ಕೊಡುತ್ತಾರೆ. ಗರ್ನಾಲಿಗೆ ಏನು ಮಾಡುವುದೆಂದು ಪಶುವೈದ್ಯರನ್ನು ಈ ವರ್ಷ ಕೇಳಿದೆ. "ಬಾಗ್ಲ್ ಹಾಕಿ ನೀವೂ ಒಟ್ಟಿಗೆ ಕೂಕಣಿ ಅಮ್ಮ, ಅಷ್ಟ್ ಸಾಕ್" ಎಂದರು. ಮನೆಗೆ ಬರುವವರೆಗೂ ಬಸ್ಸಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ಮೊನ್ನೆ ಮಾವನ ವರ್ಷಾಂತಿಕ ಮುಗಿಯಿತು. ಎಲ್ಲರೂ ಹೋದ ಮೇಲೆ ಅತ್ತೆ ಒಂದು ಎಲೆಯಲ್ಲಿ ಅನ್ನ, ಪಾಯಸ ಹಾಕಿಕೊಂಡು ಹಿತ್ತಿಲಿಗೆ ಬಂದು, ತಾವೇ ನಾಯಿಯನ್ನು ಕರೆದರು. ಅದು ನಂಬದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಬಂದು ಉಣ್ಣತೊಡಗಿತು. ಅತ್ತೆ ಅದರ ಬೆನ್ನಿನ ಮೇಲೆ ಕೈಯಿಟ್ಟರು.

"ಪಾಪ, ಸುಮ್ನೆ ಬೈದೆ" ಎಂದರು ನನ್ನ ಕಡೆ ತಿರುಗಿ. "ಆ ದಿನ ಅದ್ಕ್ ಎಂತ ಆಯ್ತೋ ಏನೋ. ಕೇಂಡ್ರೆ ಹೇಳೂಕ್ ಅದ್ಕೆ ಬಾಯಿ ಇತ್ತಾ ಹೇಳ್?"

"ಇಲ್ಲ ಅತ್ತೆ" ಎಂದೆ ನಾನು.